ಔಟ್‌ಬೋರ್ಡ್ ಇಂಜಿನ್‌ನಲ್ಲಿ ಎಂಥದೋ ಸೌಂಡ್? ಬಿಚ್ಚುವ ಮೊದಲು ಹೀಗೆ ಹುಡುಕಿ

"ಎಂಥದೋ ಸೌಂಡ್ ಬರ್ತದೆ ಮಾರಾಯ್ರೆ, ಒಮ್ಮೆ ನೋಡಿ" ಅಂತ ಇಂಜಿನ್ ಹೊತ್ತುಕೊಂಡು ಹೋದರೆ, ಕೆಲಸ ಗೊತ್ತಿರುವ ಮೆಕ್ಯಾನಿಕ್ ತಕ್ಷಣ ಸ್ಪ್ಯಾನರ್ ಹಿಡಿಯುವುದಿಲ್ಲ. "ಯಾವಾಗ ಬರ್ತದೆ?" ಅಂತ ಕೇಳುತ್ತಾನೆ. ಗೇರ್ ಹಾಕಿದಾಗಲಾ? ಬಲೆ ತುಂಬಿ ವಾಪಸ್ ಬರುವಾಗಲಾ? ಬೆಳಿಗ್ಗೆ ಮೊದಲು ಸ್ಟಾರ್ಟ್ ಮಾಡಿದಾಗ ಮಾತ್ರವಾ? ಇದಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಅರ್ಧ ರಿಪೇರಿ ಆದ ಹಾಗೆ. ಸದ್ದು ಟಕ್ ಟಕ್ಕೋ, ಕಟ ಕಟವೋ ಅನ್ನುವುದಕ್ಕಿಂತ ಅದು ಯಾವುದರ ಜೊತೆ ಏರಿ ಇಳಿಯುತ್ತದೆ ಅನ್ನುವುದೇ ಮುಖ್ಯ. ಒಂದೇ ಸದ್ದಿಗೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ, ಅಲ್ವಾ?

ಇಲ್ಲಿ ಹೇಳುವುದು ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಜಾಸ್ತಿ ಕಾಣುವ, ದೋಣಿಯ ಹಿಂಬದಿಯ ಹಲಗೆಗೆ ಕಚ್ಚಿಸುವ ಔಟ್‌ಬೋರ್ಡ್ ಇಂಜಿನ್ ಬಗ್ಗೆ. ಸುಮಾರು 10 ಎಚ್‌ಪಿ ಒಳಗಿನ ಟೂ ಸ್ಟ್ರೋಕ್, ಹೆಚ್ಚಾಗಿ ಎರಡು ಸಿಲಿಂಡರ್, ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವಂಥದ್ದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧದಿಂದ ಯಾಂತ್ರಿಕ ಬೋಟುಗಳು ದಡದಲ್ಲಿ ನಿಂತಿರುವಾಗ ಕಡಲಿಗೆ ಇಳಿಯುವುದು ಇವೇ. ಅಂದರೆ ಕಡಲು ಅತಿ ಕೆಟ್ಟದಾಗಿರುವಾಗಲೇ ಈ ಇಂಜಿನ್‌ಗೆ ಅತಿ ಹೆಚ್ಚು ದುಡಿತ. ಆ ಗಾಳಿ, ಅಲೆಯ ಸದ್ದಿನಲ್ಲಿ ಸಣ್ಣ ಸದ್ದು ಕಿವಿಗೆ ಬೀಳುವುದೇ ಇಲ್ಲ. ಆದ್ದರಿಂದ ಮಳೆಗಾಲಕ್ಕೆ ಮೊದಲು, ನೀರು ಶಾಂತವಾಗಿರುವ ಹೊಳೆಯಲ್ಲಿ ಒಮ್ಮೆ ಕಿವಿಗೊಟ್ಟು ಕೇಳುವುದು ಒಳ್ಳೆಯದು.

ಮೊದಲು: ಯಾವ ಸದ್ದಿಗೆ ತಕ್ಷಣ ಇಂಜಿನ್ ನಿಲ್ಲಿಸಬೇಕು

ಮೂರಕ್ಕೆ ಮಾತ್ರ ಯೋಚನೆ ಮಾಡುತ್ತಾ ಕೂರಬೇಡಿ.

ಒಂದು, ಇಂಜಿನ್ ಒಳಗಿಂದ ಸುತ್ತಿಗೆಯಲ್ಲಿ ಹೊಡೆದಂತೆ ಬರುವ ದಪ್ಪ ಢಕ್ ಢಕ್. ವೇಗ ಏರಿಸಿದರೆ ಅದೂ ಏರುತ್ತದೆ. ಕನೆಕ್ಟಿಂಗ್ ರಾಡಿನ ಬೇರಿಂಗ್ ಅಥವಾ ಪಿಸ್ಟನ್ ಪಿನ್ ಹೋಗಿರುವ ಸಾಧ್ಯತೆ ಹೆಚ್ಚು. ಇನ್ನು ಹತ್ತು ನಿಮಿಷ ಓಡಿಸೋಣ ಅಂದರೆ ರಾಡ್ ತುಂಡಾಗಿ ಕೇಸಿಂಗನ್ನೇ ಒಡೆಯಬಹುದು.

ಎರಡು, ಕೀಂ ಅಂತ ಕಿರುಚುವ ಸದ್ದಿನ ಜೊತೆ ನೀರು ಉಗುಳುವ ತೂತಿನಿಂದ ನೀರು ನಿಂತಿರುವುದು. ಇಂಜಿನ್ ಬೇಯುತ್ತಿದೆ ಅಂತ ಅರ್ಥ.

ಮೂರು, ಗೇರ್‌ಬಾಕ್ಸಿನಿಂದ ಕರಕರ ಅಂತ ಕಬ್ಬಿಣ ಅರೆಯುವ ಸದ್ದು. ಗೇರ್ ಹಲ್ಲು ಮುರಿದು ಒಳಗೇ ತಿರುಗುತ್ತಿರಬಹುದು.

ಅಳಿವೆ (ಹೊಳೆ ಕಡಲು ಸೇರುವ ಜಾಗ) ದಾಟುವಾಗ ಇವು ಶುರುವಾದರೆ ಮಾತ್ರ ಲೆಕ್ಕ ಬೇರೆ. ಅಲೆ ಒಡೆಯುವ ಜಾಗದಲ್ಲಿ ಇಂಜಿನ್ ನಿಲ್ಲಿಸಿದರೆ ದೋಣಿ ಅಡ್ಡ ತಿರುಗಿ ಮಗುಚುತ್ತದೆ. ಅಲ್ಲಿ ಇಂಜಿನ್ ಹಾಳಾದರೆ ಆಗಲಿ, ಮೊದಲು ಜನ ದಾಟಬೇಕು. ಇದು ದೋಣಿ ನಡೆಸುವ ತಾಂಡೇಲ ತೀರ್ಮಾನಿಸಬೇಕಾದ ಮಾತು.

ಎರಡನೆಯದು: ಸದ್ದು ಯಾವುದನ್ನು ಹಿಂಬಾಲಿಸುತ್ತದೆ ನೋಡಿ

ಶಾಂತ ನೀರಿನಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು, ಕಿಲ್ ಸ್ವಿಚ್ಚಿನ ಹಗ್ಗ (ಎಳೆದರೆ ಇಂಜಿನ್ ನಿಲ್ಲುವಂಥದ್ದು) ಕೈಗೆ ಸಿಕ್ಕಿಸಿಕೊಂಡು ಇದನ್ನು ಮಾಡಿ. ಇನ್ನೊಬ್ಬರು ಜೊತೆಗಿದ್ದರೆ ಒಳ್ಳೆಯದು. ಒಬ್ಬರು ಓಡಿಸಲಿ, ಒಬ್ಬರು ಕೇಳಲಿ.

ಮೊದಲು ನ್ಯೂಟ್ರಲ್‌ನಲ್ಲಿ ನಿಧಾನ ಓಡಲಿ. ನಂತರ ನ್ಯೂಟ್ರಲ್‌ನಲ್ಲೇ ಸ್ವಲ್ಪ ವೇಗ ಕೊಡಿ, ಸುಮ್ನೆ ಪೂರ್ತಿ ತಿರುಗಿಸಬೇಡಿ. ಲೋಡ್ ಇಲ್ಲದ ಇಂಜಿನ್ ಮಿತಿ ಮೀರಿ ಓಡಿದರೆ ಇಲ್ಲದ ಸದ್ದೂ ಹುಟ್ಟಿಕೊಳ್ಳುತ್ತದೆ. ಆಮೇಲೆ ಮುಂದಿನ ಗೇರ್, ನಿಧಾನ. ನಂತರ ಅರ್ಧ ಥ್ರಾಟಲ್, ಪೂರ್ತಿ ಥ್ರಾಟಲ್. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ. ಕೊನೆಗೆ ರಿವರ್ಸ್.

ಈಗ ವಿಂಗಡಿಸುವುದು ಸುಲಭ. ನ್ಯೂಟ್ರಲ್‌ನಲ್ಲೂ ಗೇರಿನಲ್ಲೂ ಒಂದೇ ಸಮ ಸದ್ದು ಇದ್ದು, ಇಂಜಿನ್ ವೇಗದ ಜೊತೆ ಏರಿದರೆ ಮೊದಲು ಮೇಲಿನ ಭಾಗ ನೋಡಿ. ಗೇರ್ ಹಾಕಿದ ಮೇಲೆ ಮಾತ್ರ ಬಂದರೆ ಕೆಳಗಿನ ಭಾಗ, ಅಂದರೆ ಗೇರ್‌ಬಾಕ್ಸ್, ಇಲ್ಲವೇ ಫ್ಯಾನ್ (ನೀರಿನೊಳಗೆ ತಿರುಗುವ ಪ್ರೊಪೆಲ್ಲರ್). ಭಾರ ಎಳೆಯುವಾಗ ಬಂದು, ಥ್ರಾಟಲ್ ಸ್ವಲ್ಪ ಇಳಿಸಿದ ಕೂಡಲೇ ಹೋದರೆ ಎಣ್ಣೆ (ಉರಿಯುವ ಇಂಧನ), ಬೆಂಕಿ ಹತ್ತುವ ಸಮಯ ಇವುಗಳ ಕಡೆ ಗಮನ ಕೊಡಿ. ತಣ್ಣಗಿರುವಾಗ ಟಕಟಕ ಅಂದು, ಬಿಸಿಯಾದ ಮೇಲೆ ಕಡಿಮೆಯಾದರೆ ಪಿಸ್ಟನ್ ಸ್ವಲ್ಪ ಸವೆದಿದೆ. ಅದು ಇವತ್ತೇ ದೋಣಿ ನಿಲ್ಲಿಸುವ ರೋಗವಲ್ಲ.

ಒಂದು ಮಾತು ನೆನಪಿಡಿ. "ನ್ಯೂಟ್ರಲ್‌ನಲ್ಲೂ ಸದ್ದು ಬರ್ತದೆ, ಹಾಗಾದ್ರೆ ಗೇರ್‌ಬಾಕ್ಸ್ ಸರಿಯಿದೆ" ಅನ್ನುವವರು ಬಹಳ ಮಂದಿ. ಇದು ತಪ್ಪು. ನ್ಯೂಟ್ರಲ್‌ನಲ್ಲಿ ಫ್ಯಾನಿನ ಶಾಫ್ಟಿಗೆ ಮಾತ್ರ ಎಳೆತ ಇರುವುದಿಲ್ಲ. ಮೇಲಿಂದ ಇಳಿಯುವ ಡ್ರೈವ್ ಶಾಫ್ಟ್, ಅದರ ತುದಿಯ ಸಣ್ಣ ಗೇರ್ ಅಂದರೆ ಪಿನಿಯನ್, ಮುಂದಿನ ಹಿಂದಿನ ಎರಡೂ ಗೇರುಗಳು ತಿರುಗುತ್ತಲೇ ಇರುತ್ತವೆ. ವಾಟರ್ ಪಂಪೂ ತಿರುಗುತ್ತದೆ. ಹಾಗಾಗಿ ನ್ಯೂಟ್ರಲ್‌ನಲ್ಲಿ ಸದ್ದು ಬಂದರೆ ಮೇಲೋ ಕೆಳಗೋ ಅಂತ ಕಿವಿಯಿಂದಲೇ ಪತ್ತೆ ಮಾಡಬೇಕು.

ಅದಕ್ಕೆ ಒಂದು ಉದ್ದದ ಸ್ಕ್ರೂ ಡ್ರೈವರ್ ಸಾಕು. ತುದಿಯನ್ನು ಇಂಜಿನ್‌ನ ಕೇಸಿಂಗಿಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ. ಮೇಲೆ, ನಡುವೆ, ಗೇರ್‌ಬಾಕ್ಸ್ ಹತ್ತಿರ, ಹೀಗೆ ಜಾಗ ಬದಲಿಸುತ್ತಾ ಹೋದರೆ ಸದ್ದು ಎಲ್ಲಿ ಜೋರು ಅನ್ನುವುದು ತಿಳಿಯುತ್ತದೆ. ಗೇರ್‌ಬಾಕ್ಸಿಗೆ ಒತ್ತುವುದು ದಡದಲ್ಲಿ ಡ್ರಮ್ಮಿನಲ್ಲಿ ನಿಲ್ಲಿಸಿದಾಗ, ಫ್ಯಾನ್ ಕಳಚಿಟ್ಟು, ನ್ಯೂಟ್ರಲ್‌ನಲ್ಲಿ ಮಾತ್ರ. ಡ್ರಮ್ಮಿನ ನೀರು ಪಂಪಿಗಿಂತ ಮೇಲಕ್ಕಿರಬೇಕು. ಕವರ್ ತೆಗೆದರೆ ಫ್ಲೈವೀಲ್ (ಇಂಜಿನ್ ತಲೆಯ ಮೇಲಿನ ಭಾರದ ಚಕ್ರ) ಬರಿದಾಗಿ ತಿರುಗುತ್ತಿರುತ್ತದೆ. ಲುಂಗಿ ಎತ್ತಿ ಬಿಗಿಯಾಗಿ ಕಟ್ಟಿ, ಹೆಗಲ ಮೇಲಿನ ಬೈರಾಸ ತೆಗೆದಿಡಿ.

ಖರ್ಚಿಲ್ಲದ ಸದ್ದುಗಳು

ಅರ್ಧಕ್ಕರ್ಧ ಗಾಬರಿ ಇಲ್ಲೇ ಮುಗಿಯುತ್ತದೆ. ಕವರಿನ ಕೊಂಡಿ ಸಡಿಲವಾಗಿದ್ದರೆ ಯಾವುದೋ ಒಂದು ವೇಗದಲ್ಲಿ ಮಾತ್ರ ಗಡಗಡ ಅನ್ನುತ್ತದೆ. ಅಂಗೈಯಿಂದ ಕವರ್ ಒತ್ತಿ ಹಿಡಿಯಿರಿ. ಸದ್ದು ನಿಂತರೆ ಅಷ್ಟೇ ವಿಷಯ. ದೋಣಿಯ ಹಲಗೆಗೆ ಇಂಜಿನ್ ಕಚ್ಚಿಸುವ ಎರಡು ಕ್ಲ್ಯಾಂಪ್ ಸ್ಕ್ರೂಗಳನ್ನು ಬಿಗಿ ಮಾಡಿ. ಮರ ಮೆದುವಾಗಿದ್ದರೆ ಸ್ಕ್ರೂ ಎಷ್ಟು ತಿರುಗಿಸಿದರೂ ಎರಡು ದಿನದಲ್ಲಿ ಮತ್ತೆ ಸಡಿಲ. ಆಗ ಬದಲಿಸಬೇಕಾದ್ದು ಹಲಗೆ.

ಇಂಜಿನ್ ಓಡುವಾಗ ತುತ್ತತುದಿಯಲ್ಲಿ ಟಿಕ್ ಟಿಕ್ ಟಿಕ್ ಅಂತ ಕೆರೆಯುವ ಸದ್ದು ಬಂದರೆ ಸ್ಟಾರ್ಟರ್ ಹಗ್ಗದ ಭಾಗ ನೋಡಿ. ಹಗ್ಗ ಬಿಟ್ಟ ಮೇಲೆ ಹಿಂದಕ್ಕೆ ಸರಿಯಬೇಕಾದ ಕೊಕ್ಕೆ, ಸ್ಪ್ರಿಂಗ್ ಹೋಗಿ ಫ್ಲೈವೀಲಿಗೆ ತಾಗುತ್ತಿರುತ್ತದೆ. ಸಣ್ಣ ಕೆಲಸ.

ಆದರೆ ಅದೇ ಜಾಗದ ಇನ್ನೊಂದು ಸದ್ದು ಸಣ್ಣದಲ್ಲ. ಇಂಜಿನ್ ನಿಲ್ಲಿಸಿ, ಫ್ಲೈವೀಲನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಅತ್ತ ಇತ್ತ ಅಲ್ಲಾಡಿಸಿ. ಲೊಡಲೊಡ ಅಂದರೆ ನಟ್ ಸಡಿಲವಾಗಿದೆ ಅಥವಾ ಮೇಲಿನ ಬೇರಿಂಗ್ ಸವೆದಿದೆ. ಆ ನಟ್ಟನ್ನು ಅಂದಾಜಿನಲ್ಲಿ ಬಿಗಿ ಮಾಡುವುದು ಬೇಡ. ಟಾರ್ಕ್ ರೆಂಚ್ ಇರುವವರ ಕೈಗೆ ಕೊಡಿ.

ನೀರಿನ ಸದ್ದು

ಔಟ್‌ಬೋರ್ಡಿನಲ್ಲಿ ರೇಡಿಯೇಟರ್ ಇಲ್ಲ. ಕಡಲ ನೀರನ್ನೇ ಕೆಳಗಿನ ಪಂಪು ಎತ್ತಿ ಇಂಜಿನ್ ಸುತ್ತ ಹರಿಸುತ್ತದೆ. ಪಂಪಿನೊಳಗೆ ಇರುವುದು ಒಂದು ರಬ್ಬರ್ ಇಂಪೆಲ್ಲರ್, ಅಂದರೆ ರೆಕ್ಕೆಗಳಿರುವ ಸಣ್ಣ ಚಕ್ರ. ಅದಕ್ಕೆ ಜಾರುವಿಕೆ ಕೊಡುವುದೂ ನೀರೇ. ದಡದಲ್ಲಿ ನೀರಿಲ್ಲದೆ "ಒಂದ್ಸಲ ಸ್ಟಾರ್ಟ್ ಆಗ್ತದಾ ನೋಡ್ವ" ಅಂತ ಓಡಿಸಿದರೆ ಕಿರ್ರ್ ಅನ್ನುವುದು ಅದೇ. ಅಷ್ಟರಲ್ಲಿ ರಬ್ಬರಿನ ಅಂಚು ಸುಟ್ಟಿರುತ್ತದೆ.

ನೀರು ಕಡಿಮೆಯಾದಾಗ ಹೊಗೆಯ ಸದ್ದೂ ಬದಲಾಗುತ್ತದೆ. ಸರಿಯಾಗಿ ಓಡುವ ಇಂಜಿನ್ ಹೊಗೆ ನೀರಿನ ಜೊತೆ ಸೇರಿ ಬುಡುಬುಡು ಅನ್ನುತ್ತದೆ. ನೀರು ನಿಂತರೆ ಆ ಮೆತ್ತನೆಯ ಸದ್ದು ಹೋಗಿ, ಒಣಗಿದ, ಕಿವಿಗೆ ರಾಚುವ ಸದ್ದು ಬರುತ್ತದೆ. ದಿನಾ ಓಡಿಸುವವರಿಗೆ ಇದು ತಕ್ಷಣ ಗೊತ್ತಾಗುತ್ತದೆ.

ಉಗುಳುವ ನೀರು ಸಣ್ಣದಾದ ಕೂಡಲೇ ಪಂಪ್ ಹೋಯಿತು ಅಂದುಕೊಳ್ಳಬೇಡಿ. ಇಂಜಿನ್ ನಿಲ್ಲಿಸಿ ಆ ತೂತಿಗೆ ದಪ್ಪ ನೈಲಾನ್ ದಾರ ತೂರಿಸಿ. ಉಪ್ಪು, ಮರಳು ಕಟ್ಟಿದ್ದರೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಇಂಜಿನ್ ಎತ್ತಿ, ಗೇರ್‌ಬಾಕ್ಸಿನ ಪಕ್ಕದ ಜಾಲರಿ ನೋಡಿ. ಮಳೆಗಾಲದಲ್ಲಿ ಹೊಳೆ ತರುವ ಪ್ಲಾಸ್ಟಿಕ್ ಚೀಲ ಅಲ್ಲಿ ಮೆತ್ತಿಕೊಂಡಿರುವುದು ಮಾಮೂಲು. ಎರಡೂ ಸರಿಯಿದ್ದರೆ ಆಗ ಇಂಪೆಲ್ಲರ್. ಮರಳಿರುವ ಅಳಿವೆಯಲ್ಲಿ ಓಡುವ ಇಂಜಿನ್‌ಗೆ ಇದನ್ನು ವರ್ಷಕ್ಕೊಮ್ಮೆ ಬದಲಿಸುವುದೇ ಲಾಭ. ಬೆಂದ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ತಾನಾಗಿ ತಣಿಯಲಿ.

ಉರಿಯುವಾಗಿನ ಸದ್ದು

ಸೀಮೆಎಣ್ಣೆಯ ಇಂಜಿನ್‌ನಲ್ಲಿ ಜಾಸ್ತಿ ಕೇಳುವುದು ಇವನ್ನೇ. ಮೀನು ತುಂಬಿ ಬರುವಾಗ, ಪೂರ್ತಿ ಥ್ರಾಟಲ್‌ನಲ್ಲಿ, ಡಬ್ಬದಲ್ಲಿ ಮೊಳೆ ಕುಲುಕಿದಂತೆ ಟಿಣಿಟಿಣಿ ಬಂದರೆ ಅದು ನಾಕಿಂಗ್. ಎಣ್ಣೆ ಹಂತಹಂತವಾಗಿ ಉರಿಯುವ ಬದಲು ಒಮ್ಮೆಲೇ ಸಿಡಿಯುತ್ತಿರುತ್ತದೆ. ಸೀಮೆಎಣ್ಣೆಯ ಆಕ್ಟೇನ್ ಕಡಿಮೆ. ಅದಕ್ಕೇ ಸೀಮೆಎಣ್ಣೆಗೆಂದೇ ಮಾಡಿದ ಮಾಡೆಲ್‌ಗಳಲ್ಲಿ ಕಂಪ್ರೆಷನ್ ಕಡಿಮೆ ಇಟ್ಟಿರುತ್ತಾರೆ. ಬರೀ ಪೆಟ್ರೋಲಿನ ಇಂಜಿನ್‌ಗೆ ಸೀಮೆಎಣ್ಣೆ ಕುಡಿಸಿದರೆ ಈ ಸದ್ದು ಗ್ಯಾರಂಟಿ, ಪಿಸ್ಟನ್ ತೂತಾಗುವುದೂ ದೂರವಿಲ್ಲ. ಸರಿಯಾದ ಮಾಡೆಲ್ ಇದ್ದೂ ಸದ್ದು ಬಂದರೆ ಪಿಸ್ಟನ್ ತಲೆಯ ಮೇಲೆ ಕಟ್ಟಿದ ಮಸಿ, ಬಿಸಿ ಜಾಸ್ತಿಯಾಗಿರುವುದು, ತಪ್ಪು ನಂಬರಿನ ಪ್ಲಗ್, ಎಣ್ಣೆ ಸಾಕಷ್ಟು ಸಿಗದಿರುವುದು, ಈ ಕ್ರಮದಲ್ಲಿ ನೋಡುತ್ತಾ ಹೋಗಿ.

ಎಣ್ಣೆ ಸಾಕಷ್ಟು ಸಿಗದಿದ್ದರೆ ಇನ್ನೊಂದು ಗುರುತಿದೆ. ನಿಧಾನ ಓಡುವಾಗ ಕಾರ್ಬ್ಯುರೇಟರ್ ಫಸ್ ಅಂತ ಸೀನುತ್ತದೆ. ಆಗ ಚೋಕನ್ನು ಸ್ವಲ್ಪವೇ ಎಳೆದು ನೋಡಿ. ಇಂಜಿನ್ ಸರಿಹೋದರೆ ಎಣ್ಣೆ ಕಡಿಮೆಯಾಗಿದೆ ಅಂತ ಖಾತ್ರಿ. ಈಗ ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಒತ್ತುತ್ತಾ ಓಡಿಸಿ. ಆಗ ಚೆನ್ನಾಗಿ ಓಡಿದರೆ ಕಾರ್ಬ್ಯುರೇಟರ್ ಬಿಚ್ಚಬೇಡಿ. ತಪ್ಪು ಟ್ಯಾಂಕು, ಪೈಪು ಅಥವಾ ಫ್ಯುಯೆಲ್ ಪಂಪಿನದ್ದು. ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯಾ ಅಂತ ಮೊದಲು ನೋಡಿ. ನಗಬೇಡಿ, ದೊಡ್ಡ ದೊಡ್ಡ ಮೆಕ್ಯಾನಿಕ್‌ಗಳೂ ಕೊನೆಗೆ ಇದನ್ನೇ ಪತ್ತೆ ಹಚ್ಚಿದ್ದುಂಟು. ಬಲ್ಬ್ ಒತ್ತಿದರೂ ಸೀನು ನಿಲ್ಲದಿದ್ದರೆ ಕಾರ್ಬ್ಯುರೇಟರಿನ ಸಣ್ಣ ಜೆಟ್ ಕಟ್ಟಿರಬಹುದು. ಜೆಟ್ಟೂ ಸರಿಯಿದ್ದರೆ ಒಳಗಿನ ರೀಡ್ ವಾಲ್ವಿನ ತೆಳು ಪಟ್ಟಿ ಮುರಿದಿರಬಹುದು.

ದಡ ಸೇರುವ ಮೊದಲು ಕೊನೆಯ ಕೆಲವು ನಿಮಿಷ ಪೆಟ್ರೋಲಿಗೆ ಬದಲಿಸಿ ಓಡಿಸುವ ಅಭ್ಯಾಸ ಇದ್ದರೆ ಈ ತೊಂದರೆಗಳು ಬಹಳ ಕಡಿಮೆ. ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ಸ್ಟಾರ್ಟ್ ಆಗುವುದೂ ಕಷ್ಟ.

ಎರಡು ಸಿಲಿಂಡರಿನಲ್ಲಿ ಒಂದು ಕೆಲಸ ನಿಲ್ಲಿಸಿದರೆ ಇಂಜಿನ್ ಬಡಬಡ ಅಂತ ಇಡೀ ದೋಣಿಯನ್ನೇ ನಡುಗಿಸುತ್ತದೆ. ಓಡುತ್ತಿರುವಾಗ ಪ್ಲಗ್ಗಿನ ಕ್ಯಾಪ್ ಕೈಯಿಂದ ಕಿತ್ತು ನೋಡುವವರಿದ್ದಾರೆ. ಶಾಕ್ ಹೊಡೆಯುತ್ತದೆ, ಪ್ಲಗ್ಗಿಗೆ ಕಿಡಿ ಕೊಡುವ ಸಿಡಿಐ ಯೂನಿಟ್ ಸುಡಲೂಬಹುದು. ಅದರ ಬದಲು ಇಂಜಿನ್ ನಿಲ್ಲಿಸಿ ಎರಡೂ ಪ್ಲಗ್ ತೆಗೆದು ಪಕ್ಕಪಕ್ಕ ಇಡಿ. ಕಂದು ಬಣ್ಣದ್ದು ಕೆಲಸ ಮಾಡುತ್ತಿತ್ತು. ಕಪ್ಪಗೆ ಒದ್ದೆಯಾಗಿರುವುದು ಮಾಡುತ್ತಿರಲಿಲ್ಲ. ಈಗ ಎರಡನ್ನೂ ಅದಲುಬದಲು ಮಾಡಿ ಹಾಕಿ ಓಡಿಸಿ. ಈಗ ಇನ್ನೊಂದು ಸಿಲಿಂಡರ್ ನಿಂತರೆ ಪ್ಲಗ್ಗೇ ಹಾಳು. ಮೊದಲಿನದೇ ನಿಂತರೆ ಕಾಯಿಲ್, ವಯರ್, ಇಲ್ಲವೇ ಕಂಪ್ರೆಷನ್.

ಇನ್ನು ಆ ದಪ್ಪ ಢಕ್ ಢಕ್. ಟೂ ಸ್ಟ್ರೋಕಿನಲ್ಲಿ ಬೇರಿಂಗಿಗೆ ಆಯಿಲ್ ಸಿಗುವುದು ನೀವು ಆಯಿಲ್ ಬೆರೆಸಿದ ಎಣ್ಣೆಯಿಂದ ಮಾತ್ರ. ಬೇರೆ ಆಯಿಲ್ ಟ್ಯಾಂಕ್ ಇಲ್ಲದ ಇಂಜಿನ್‌ನಲ್ಲಿ ಕಂಪನಿಯ ಪುಸ್ತಕ 50ಕ್ಕೆ 1 ಅಂದರೆ ಲೀಟರಿಗೆ 20 ಎಂಎಲ್. ಬಾಟಲಿಯ ಮುಚ್ಚಳದ ಲೆಕ್ಕ ಬೇಡ, ಅಳತೆಯ ಕಪ್ಪು ಇಟ್ಟುಕೊಳ್ಳಿ.

ನಿಮ್ಮದು ಫೋರ್ ಸ್ಟ್ರೋಕ್ ಆದರೆ ಮೇಲಿನ ಟಿಕ್ ಟಿಕ್ ವಾಲ್ವಿನದ್ದಿರಬಹುದು. ಮೊದಲು ಆಯಿಲ್ ಮಟ್ಟ ನೋಡಿ, ಆಮೇಲೆ ಟ್ಯಾಪೆಟ್ ಸೆಟ್ಟಿಂಗ್ ಮಾಡಿಸಿ.

ಗೇರ್‌ಬಾಕ್ಸ್

ಗೇರ್ ಹಾಕುವಾಗ ಒಂದು ಟಕ್ ಬರುವುದು ಸಹಜ. ಅದು ಜೋರಾಗಿ ಢಬ್ ಅಂದರೆ ಐಡಲ್ ವೇಗ ಜಾಸ್ತಿ ಇಟ್ಟಿದೆ. ಕರ್ರ್ ಅಂದರೆ ಗೇರ್ ನಿಧಾನವಾಗಿ ಹಾಕುತ್ತಿದ್ದೀರಿ. ಪ್ರೀತಿಯಿಂದ ಮೆಲ್ಲಗೆ ಹಾಕಿದರೆ ಗೇರಿಗೆ ಒಳ್ಳೆಯದು ಅನ್ನುವ ನಂಬಿಕೆ ಇದೆ. ಇದು ಉಲ್ಟಾ. ಥ್ರಾಟಲ್ ಪೂರ್ತಿ ಇಳಿಸಿ, ಲಿವರನ್ನು ಒಂದೇ ಸಲಕ್ಕೆ ಗಟ್ಟಿಯಾಗಿ ತಳ್ಳಬೇಕು. ಮೆಲ್ಲಗೆ ಹಾಕಿದಷ್ಟೂ ಕ್ಲಚ್ಚಿನ ಹಲ್ಲುಗಳ ಮೂಲೆ ಸವೆಯುತ್ತದೆ. ಸವೆದ ಮೇಲೆ ಭಾರ ಬಿದ್ದಾಗ ಹಲ್ಲು ಜಾರಿ ಟಕ್ ಟಕ್ ಟಕ್ ಅಂತ ಗೇರ್ ತಾನೇ ಬಿಡುತ್ತದೆ. ಮುಂದಕ್ಕೆ ಮಾತ್ರ ಹೀಗಾಗಿ ರಿವರ್ಸ್ ಸರಿಯಿದ್ದರೆ, ಬಿಚ್ಚುವ ಮೊದಲು ಗೇರ್ ಲಿವರಿನ ಕೊಂಡಿ ಸರಿಯಾಗಿ ಸೆಟ್ ಆಗಿದೆಯಾ ನೋಡಿಸಿ.

ಗೇರ್‌ಬಾಕ್ಸಿನ ಆರೋಗ್ಯ ತಿಳಿಯಲು ಅದರ ಆಯಿಲೇ ಸಾಕು. ರಾತ್ರಿಯಿಡೀ ಇಂಜಿನ್ ನೆಟ್ಟಗೆ ನಿಂತಿರಲಿ. ಬೆಳಿಗ್ಗೆ ಕೆಳಗೆ ಬಿಳಿ ಪಾತ್ರೆ ಇಟ್ಟು ಕೆಳಗಿನ ಸ್ಕ್ರೂವನ್ನು ಮೆಲ್ಲಗೆ ಸಡಿಲಿಸಿ. ಮೊದಲ ಹನಿಗಳನ್ನೇ ಗಮನಿಸಿ. ನೀರು ಆಯಿಲ್‌ಗಿಂತ ಭಾರ, ಒಳಗೆ ನೀರು ನಿಂತಿದ್ದರೆ ಮೊದಲು ಅದೇ ತೊಟ್ಟಿಕ್ಕುತ್ತದೆ. ಆಮೇಲೆ ಮೇಲಿನ ಸ್ಕ್ರೂ ತೆಗೆಯಿರಿ, ಆಯಿಲ್ ಹರಿಯಲಿ. ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ಸೀಲ್ ಹೋಗಿ ನೀರು ಸೇರಿದೆ. ಸ್ಕ್ರೂವಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದರ ಮೇಲಿನ ಬೂದು ಲೇಪವನ್ನು ಎರಡು ಬೆರಳಿನಲ್ಲಿ ಉಜ್ಜಿ. ನುಣ್ಣಗಿದ್ದರೆ ಮಾಮೂಲು ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಗೇರ್ ಅಥವಾ ಬೇರಿಂಗ್ ಒಡೆಯುತ್ತಿದೆ. ಹೊಸ ಆಯಿಲ್ ತುಂಬುವಾಗ ಕೆಳಗಿನ ತೂತಿನಿಂದಲೇ ಒತ್ತಿ, ಮೇಲಿನ ತೂತಿನಲ್ಲಿ ಉಕ್ಕುವವರೆಗೆ ತುಂಬಿ. ಮೇಲಿಂದ ಸುರಿದರೆ ಗಾಳಿ ಸಿಕ್ಕಿಬಿದ್ದು ಅರ್ಧವೇ ತುಂಬುತ್ತದೆ.

ಸೀಲ್ ಹೋಗಲು ಕಾರಣ ಬಹಳ ಸಲ ನಮ್ಮದೇ ಬಲೆ. ಫ್ಯಾನ್ ಕಳಚಿ ಶಾಫ್ಟಿನ ಬುಡ ನೋಡಿ. ಸುತ್ತಿಕೊಂಡ ನೈಲಾನ್ ದಾರ ಬಿಸಿಗೆ ಕರಗಿ ಗಟ್ಟಿ ಬಳೆಯಂತೆ ಕೂತಿರುತ್ತದೆ. ಅದೇ ಸೀಲನ್ನು ಕತ್ತರಿಸುವುದು. ಬಲೆ ಸಿಕ್ಕಿದ ಪ್ರತಿ ಸಲವೂ ಹೊರಗೆ ಕಾಣುವುದನ್ನು ಮಾತ್ರ ಕೊಯ್ದು ಬಿಟ್ಟರೆ ಸಾಲದು.

ಫ್ಯಾನ್

ಇಂಜಿನ್ ಗುಯ್ ಅಂತ ಏರುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಇದಕ್ಕೆ ಎರಡು ಕಾರಣ. ತಿರುವಿನಲ್ಲಿ, ಅಲೆ ಹತ್ತುವಾಗ ಮಾತ್ರ ಆದರೆ ಫ್ಯಾನ್ ಗಾಳಿ ಎಳೆಯುತ್ತಿದೆ, ಇಂಜಿನ್ ಎತ್ತರದಲ್ಲಿ ಕೂತಿದೆ. ಫ್ಯಾನಿನ ಮೇಲಿನ ಚಪ್ಪಟೆ ರೆಕ್ಕೆ ದೋಣಿಯ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ ಇರಬೇಕು. ನೇರ ಹೋಗುವಾಗ, ಥ್ರಾಟಲ್ ಏರಿಸಿದ ಕೂಡಲೇ ಆದರೆ ಫ್ಯಾನಿನ ಒಳಗಿನ ರಬ್ಬರ್ ಬುಶ್ ಜಾರುತ್ತಿದೆ. ಒಳಗಿನ ಬುಶ್ಶಿಗೂ ಹೊರಗಿನ ಭಾಗಕ್ಕೂ ಸೇರಿಸಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಒಮ್ಮೆ ಓಡಿಸಿ ಬಂದು ನೋಡಿ. ಗೆರೆ ತುಂಡಾಗಿ ಬೇರೆಬೇರೆ ಕಡೆ ಹೋಗಿದ್ದರೆ ಬುಶ್ ಮುಗಿಯಿತು. ಸಣ್ಣ ಇಂಜಿನ್‌ಗಳಲ್ಲಿ ಬುಶ್ ಬದಲು ಶಿಯರ್ ಪಿನ್ ಇರುತ್ತದೆ. ಕಲ್ಲಿಗೆ ತಾಗಿದರೆ ಅದು ಮುರಿದು ಗೇರನ್ನು ಉಳಿಸುತ್ತದೆ. ಅದರ ಜಾಗಕ್ಕೆ ಮೊಳೆ ಹಾಕಬೇಡಿ.

ನಡುಕದ ಜೊತೆ ಗುಂಯ್ಗುಡುವ ಸದ್ದಿಗೆ ಬಾಗಿದ ಎಲೆಯೇ ಕಾರಣ. ಅಥವಾ ಶಾಫ್ಟೇ ಬಾಗಿರಬಹುದು.

ದಡದಲ್ಲಿ ಕೈಯಿಂದ ತಿರುಗಿಸಿ

ಕಿಲ್ ಹಗ್ಗ ಕಿತ್ತು, ಎರಡೂ ಪ್ಲಗ್ ತೆಗೆದು, ಕ್ಯಾಪುಗಳನ್ನು ಬಾಡಿಗೆ ತಾಗಿಸಿಟ್ಟು ಗೇರ್ ಹಾಕಿ. ಫ್ಲೈವೀಲನ್ನು ಕೈಯಿಂದ ನಿಧಾನ ತಿರುಗಿಸಿ, ಸ್ಟಾರ್ಟರ್ ಹಗ್ಗ ಎಳೆದಾಗ ತಿರುಗುವ ದಿಕ್ಕಿಗೇ. ಉಲ್ಟಾ ತಿರುಗಿಸಿದರೆ ಇಂಪೆಲ್ಲರಿನ ರೆಕ್ಕೆ ಮಡಚಿಕೊಳ್ಳುತ್ತದೆ. ಈ ಗಾತ್ರದ ಇಂಜಿನ್‌ಗಳಲ್ಲಿ ಫ್ಲೈವೀಲ್ ಸುಮಾರು ಎರಡು ಸುತ್ತು ಬಂದರೆ ಫ್ಯಾನ್ ಒಂದು ಸುತ್ತು ಬರುತ್ತದೆ. ಇದೇ ನಮಗೆ ಸುಳಿವು. ಬಿಗಿಯೋ ಟಕ್ಕೋ ಪ್ರತಿ ಸುತ್ತಿಗೆ ಬಂದರೆ ಕ್ರ್ಯಾಂಕ್, ಡ್ರೈವ್ ಶಾಫ್ಟ್ ಅಥವಾ ಪಿನಿಯನ್. ಎರಡು ಸುತ್ತಿಗೊಮ್ಮೆ ಬಂದರೆ ದೊಡ್ಡ ಗೇರ್ ಅಥವಾ ಫ್ಯಾನಿನ ಶಾಫ್ಟ್. ನಂತರ ಫ್ಯಾನನ್ನು ಹಿಡಿದು ಅತ್ತ ಇತ್ತ ಅಲ್ಲಾಡಿಸಿ. ಜಾಸ್ತಿ ಆಡಿದರೆ ಬೇರಿಂಗ್ ಸವೆದಿದೆ.

ಇಷ್ಟಾದ ಮೇಲೆ ಮೆಕ್ಯಾನಿಕ್ ಹತ್ತಿರ ಹೋಗಿ. ಮೊಬೈಲಿನಲ್ಲಿ ನ್ಯೂಟ್ರಲ್, ಗೇರ್, ಪೂರ್ತಿ ಥ್ರಾಟಲ್ ಮೂರರ ಸದ್ದನ್ನೂ ಒಂದೇ ಜಾಗದಿಂದ, ಗಾಳಿಗೆ ಬೆನ್ನು ಮಾಡಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಇಳಿಸಿದ ಗೇರ್ ಆಯಿಲನ್ನು ಬಾಟಲಿಯಲ್ಲಿ ತೆಗೆದುಕೊಂಡು ಹೋಗಿ. ಪ್ಲಗ್ ಎರಡೂ ಯಾವುದು ಮೇಲಿನದು ಯಾವುದು ಕೆಳಗಿನದು ಅಂತ ಗುರುತು ಹಾಕಿರಲಿ. ಪಂಪ್ ಬಿಚ್ಚಿದಾಗ ಹಳೆಯ ಇಂಪೆಲ್ಲರ್ ಕೇಳಿ ಪಡೆದು ರೆಕ್ಕೆಗಳನ್ನು ಎಣಿಸಿ. ಒಂದು ತುಂಡು ಕಾಣೆಯಾಗಿದ್ದರೆ ಅದು ನೀರಿನ ದಾರಿಯಲ್ಲೇ ಎಲ್ಲೋ ಸಿಕ್ಕಿಕೊಂಡಿದೆ. ಅದನ್ನು ಹುಡುಕಿ ತೆಗೆಸಿದ ಮೇಲೆಯೇ ಹೊಸದು ಹಾಕಿಸಿ.